ಕಳಪೆ ಗೊಬ್ಬರದ ಮಾರಾಟವೂ ಮಾರಿದವನ ಕ್ರಿಮಿನಲ್ ಹೊಣೆಗಾರಿಕೆಯೂ

ರಾಗಿಯನ್ನು ಕೊಳ್ಳುವವನು ಒಂದು ಹಿಡಿ ಕೈಗೆ ತೆಗೆದುಕೊಂಡು ಊದಿ ನೋಡುತ್ತಾನೆ. ಎತ್ತನ್ನು ಕೊಳ್ಳುವವನು ಬಾಯಿ ತೆರೆಯಿಸಿ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿದ ತರುವಾಯವೇ ಬೆಲೆಯ ಮಾತನ್ನೆತ್ತುತ್ತಾನೆ. ಹಿಂಡಿಯ ಗುಣವು ಮೂಗಿಗೂ, ಕೊಟ್ಟಿಗೆ ಗೊಬ್ಬರದ ಗುಣವು ಕಣ್ಣಿಗೂ ಸ್ವಲ್ಪ ಮಟ್ಟಿಗೆ ಗೊತ್ತಾಗುವುದುಂಟು. ರಾಸಾಯನಿಕ ಗೊಬ್ಬರದ ವಿಷಯದಲ್ಲಿ ಮಾತ್ರ ಬೇಸಾಯಗಾರನ ಈ ವಿವೇಚನೆಗಳಾವುವೂ ನಡೆಯುವುದಿಲ್ಲ. ಅವನು ಹಣ ಕೊಡುವುದು ಚೀಲದೊಳಗಿನ ಕಾಳುಗಳಿಗಲ್ಲ. ಆ ಕಾಳುಗಳಲ್ಲಿ ಅಡಗಿರುವುದೆಂದು ಹೇಳಲಾದ ಸಾರಜನಕ, ರಂಜಕಾಮ್ಲ, ಪೊಟ್ಯಾಷ್ ಮುಂತಾದ ಸಾರಗಳಿಗೆ. ಅವು ಅಲ್ಲಿರುವುವೆಂಬುದಕ್ಕೆ ಅವನ ಮುಂದಿರುವ ಆಧಾರವು ಚೀಲದ ಮೇಲಿನ ಬರಹವೊಂದೇ. ಆ ಬರಹವು ಸುಳ್ಳಾಗಿದ್ದಲ್ಲಿ ಅದು ತಿಳಿಯುವುದು ಬೆಳೆಯು ಕುಂದಿದ ಮೇಲೆ. ಆ ವೇಳೆಗೆ ಗೊಬ್ಬರವು ಮಣ್ಣಿನಲ್ಲಿ ಕರಗಿಹೋಗಿ, ಮೋಸಕ್ಕೆ ಸಾಕ್ಷಿಯಾಗಿ ಏನೂ ಉಳಿದಿರುವುದಿಲ್ಲ. ಕಳಪೆ ಗೊಬ್ಬರದ ಮಾರಾಟವನ್ನು ಕೊಳ್ಳುವವನಿಗೂ ಮಾರುವವನಿಗೂ ನಡುವಣ ತಕರಾರೆಂದು ಬಿಟ್ಟುಬಿಡದೆ, ಸೆರೆಮನೆಯ ಶಿಕ್ಷೆಗೆ ತಕ್ಕ ಅಪರಾಧವೆಂದು ಕಾಯಿದೆಯು ಎಣಿಸಿರುವುದು ಉಚಿತವೇ ಆಗಿದೆ.

ಮೋಸದ ಪರಿಮಾಣವನ್ನು ಲೆಕ್ಕದಿಂದ ತಿಳಿಯುವುದು ಒಳ್ಳೆಯದು. ೫೦ ಕಿಲೋಗ್ರಾಂ ತೂಕದ ಒಂದು ಚೀಲ ಡಿ.ಎ.ಪಿ.ಯಲ್ಲಿ ಶೇಕಡಾ ೧೮ರಂತೆ ೯ ಕಿಲೋ ಸಾರಜನಕವೂ, ಶೇಕಡಾ ೪೬ರಂತೆ ೨೩ ಕಿಲೋ ರಂಜಕಾಮ್ಲವೂ ಇರತಕ್ಕದ್ದು. ಅದೇ ಚೀಲದಲ್ಲಿ ಕಾಳುಕಟ್ಟಿದ ಸೂಪರ್ ಫಾಸ್ಫೇಟನ್ನು ತುಂಬಿ ಹೊಲಿದರೆ, ನೋಟಕ್ಕೆ ಹೆಚ್ಚಿನ ವ್ಯತ್ಯಾಸವು ಕಾಣುವುದಿಲ್ಲ. ಆದರೆ ಶೇಕಡಾ ೧೬ರಂತೆ ದೊರೆಯುವ ರಂಜಕಾಮ್ಲವು ೮ ಕಿಲೋ ಮಾತ್ರ, ಸಾರಜನಕವು ಸೊನ್ನೆ. ಸತುವಿನ ಸಲ್ಫೇಟಿನ ವಿಷಯವು ಇನ್ನೂ ಕೆಟ್ಟದ್ದು. ಹತ್ತು ಕಿಲೋ ಸತುವಿನ ಸಲ್ಫೇಟಿನಲ್ಲಿ ೨ ಕಿಲೋ ೧೦೦ ಗ್ರಾಂ ಸತುವಿರಬೇಕು. ಅದನ್ನೇ ಹೋಲುವ, ಅದಕ್ಕಿಂತ ಬಹಳ ಅಗ್ಗವಾದ ಮೆಗ್ನೀಸಿಯಂ ಸಲ್ಫೇಟನ್ನು ಅದರ ಹೆಸರಿನಲ್ಲಿ ಮಾರಿದಲ್ಲಿ ಗದ್ದೆಗೆ ಸತುವು ಒಂದು ಗುಲಗಂಜಿಯಷ್ಟೂ ಸೇರುವುದಿಲ್ಲ. ನಾಟಿಯಾದ ಎರಡು ಮೂರು ವಾರಗಳಲ್ಲಿ ಪೈರು ಗಿಡ್ಡಾಗಿ, ಎಲೆಗಳ ಮೇಲೆ ತುಕ್ಕು ಬಣ್ಣದ ಮಚ್ಚೆಗಳು ಕಾಣಿಸಿಕೊಂಡಾಗ, ಬೇಸಾಯಗಾರನು ತಾನು ಸತುವನ್ನು ಹಾಕಿರುವೆನೆಂಬ ಧೈರ್ಯದಿಂದ, ಇದು ಬೇರಾವುದೋ ರೋಗವೆಂದು ಬಗೆದು ಔಷಧಿಗೂ ಹಣ ಚೆಲ್ಲುತ್ತಾನೆ. ಹೀಗೆ ಒಂದು ಮೋಸವು ಎರಡು ನಷ್ಟಗಳನ್ನು ತರುತ್ತದೆ.

ಈ ವಿಷಯದಲ್ಲಿ ಇತರ ದೇಶಗಳವರೂ ಎಚ್ಚೆತ್ತುಕೊಂಡದ್ದು ಪೆಟ್ಟು ತಿಂದ ಮೇಲೆಯೇ. ಇಂಗ್ಲೆಂಡಿನ ೧೮೯೩ರ ಕಾಯಿದೆಯು, ಗೊಬ್ಬರವನ್ನು ಮಾರುವವನು ಅದರ ಸಾರಗಳ ಶೇಕಡಾ ಪ್ರಮಾಣವನ್ನು ಬರೆದ ಬಿಲ್ಲನ್ನು ಕೊಳ್ಳುವವನಿಗೆ ಕೊಡತಕ್ಕದ್ದೆಂದು ವಿಧಿಸಿತು. ನಮ್ಮ ದೇಶದಲ್ಲಿ ೧೯೫೫ರ ಅಗತ್ಯ ವಸ್ತುಗಳ ಕಾಯಿದೆಯ ಅಧಿಕಾರದಿಂದ ೧೯೫೭ರಲ್ಲಿ ಮೊದಲನೆಯ ಗೊಬ್ಬರ ನಿಯಂತ್ರಣ ಆದೇಶವು ಹೊರಟಿತು. ಈಗ ಜಾರಿಯಲ್ಲಿರುವುದು ೧೯೮೫ರ ಸೆಪ್ಟೆಂಬರ್ ತಿಂಗಳಿನ ಆದೇಶವು, ಆಗಾಗ್ಗೆ ಆದ ತಿದ್ದುಪಡಿಗಳೊಂದಿಗೆ. ಅಗತ್ಯ ವಸ್ತುಗಳ ಪಟ್ಟಿಯನ್ನು ೨೦೦೬ರ ತಿದ್ದುಪಡಿಯಿಂದ ಬಹಳವಾಗಿ ಮೊಟಕು ಮಾಡಿ ಏಳು ಬಗೆಗಳಿಗೆ ಇಳಿಸಿದಾಗಲೂ, ಗೊಬ್ಬರವನ್ನು ಅದರಲ್ಲಿ ಉಳಿಸಿಕೊಳ್ಳಲಾಯಿತು. ಇದರಿಂದ ಗೊಬ್ಬರದ ಅಪರಾಧಕ್ಕೆ ಆ ಕಾಯಿದೆಯ ಶಿಕ್ಷೆಯೇ ಅನ್ವಯಿಸುತ್ತದೆ.

ಆದೇಶದ ಅನುಬಂಧದಲ್ಲಿ ಒಂದೊಂದು ಗೊಬ್ಬರಕ್ಕೂ ಇಷ್ಟಿಷ್ಟು ಸಾರವಿರಬೇಕು, ಇಷ್ಟಕ್ಕಿಂತ ಹೆಚ್ಚು ತೇವವಿರಬಾರದು, ಹಾನಿಕರ ಪದಾರ್ಥವು ಇಷ್ಟನ್ನು ಮೀರಬಾರದು ಎಂದು ಗೊತ್ತುಮಾಡಿದೆ. ಉದಾಹರಣೆಗೆ, ಯೂರಿಯಾದಲ್ಲಿ ಸಾರಜನಕವು ಶೇಕಡಾ ೪೬ಕ್ಕೆ ಕಡಿಮೆ ಇರಬಾರದು. ಎಳೆಯ ಪೈರಿಗೆ ಕೇಡನ್ನುಂಟುಮಾಡುವ ಬೈಯುರೆಟ್ ಎಂಬ ಪದಾರ್ಥವು ಶೇಕಡಾ ಒಂದೂವರೆಯನ್ನು ಮೀರಬಾರದು. ಪರೀಕ್ಷೆಯಲ್ಲಿ ಸಂಭವಿಸಬಹುದಾದ ಅತ್ಯಲ್ಪ ವ್ಯತ್ಯಾಸಗಳಿಗೆ ರಿಯಾಯಿತಿಯುಂಟು. ಅದನ್ನು ಮೀರಿದ ಕೊರತೆಗೆ ಇಲ್ಲ. ಈ ಮಟ್ಟಕ್ಕೆ ಬಾರದ ಗೊಬ್ಬರವನ್ನು ತಯಾರಿಸುವುದು, ಮಾರುವುದು, ಹಂಚುವುದು ಅಪರಾಧವೆಂಬುದನ್ನು ಎಲ್ಲರೂ ಬಲ್ಲರು. ಮಾರಾಟಕ್ಕಾಗಿ ಮಳಿಗೆಯಲ್ಲಿ ಇಟ್ಟಿರುವುದೂ, ಅಂಗಡಿಯ ಮುಂದೆ ಪ್ರದರ್ಶಿಸುವುದೂ, ಕೊಡುವೆನೆಂದು ಒಪ್ಪುವುದೂ ಅಪರಾಧಗಳೇ ಎಂಬುದನ್ನು ಬಲ್ಲವರು ಕಡಿಮೆ. ಆದಕಾರಣ, ಒಬ್ಬ ಬೇಸಾಯಗಾರನಾದರೂ ಮೋಸ ಹೋಗುವವರೆಗೆ ಇಲಾಖೆಯು ಕಾಯಬೇಕಾದುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ಕಲಬೆರಕೆ ಇಲ್ಲದೆಯೇ, ತೇವದಿಂದಲೋ ದಾಸ್ತಾನಿನ ದೋಷದಿಂದಲೋ ಗೊಬ್ಬರವು ಮಟ್ಟದಿಂದ ಇಳಿಯಬಹುದು. ಅಂತಹದನ್ನು ವಿಲೇವಾರಿ ಮಾಡಲು ಆದೇಶವು ದಾರಿಯನ್ನು ಬಿಟ್ಟಿದೆ. ಚೀಲದ ಮೇಲೆ ಅದು ನಿಗದಿಯಾದ ಮಟ್ಟಕ್ಕೆ ಸೇರಿದುದಲ್ಲವೆಂದು ಕೆಂಪು ಬಣ್ಣದಲ್ಲಿ ಎದ್ದು ಕಾಣುವಂತೆ ಬರೆದು, ಗುಣಾಕಾರದ ಗುರುತನ್ನು ಹಾಕಿ, ಅಧಿಕಾರಿಯ ಅಪ್ಪಣೆ ಪಡೆದು, ಮಿಶ್ರಗೊಬ್ಬರ ತಯಾರಿಸುವವರಿಗೆ ಅಥವಾ ಸಂಶೋಧನೆಯ ಕ್ಷೇತ್ರಗಳಿಗೆ ಮಾತ್ರ ಮಾರಬಹುದು. ಬೇಸಾಯಗಾರನಿಗೆ ಮಾರುವ ಅವಕಾಶವು ಇಲ್ಲವೇ ಇಲ್ಲ. ಕೆಂಪು ಗುರುತಿನ ಚೀಲವು ಹಳ್ಳಿಯ ಅಂಗಡಿಯಲ್ಲಿ ಅರ್ಧ ಬೆಲೆಗೆ ದೊರೆತರೆ, ಅದು ಅಗ್ಗದ ಲಾಭವಲ್ಲ, ಅಪರಾಧದ ಕುರುಹು. ಕಲಬೆರಕೆಯ ಗೊಬ್ಬರಕ್ಕೂ ನಕಲಿ ಗೊಬ್ಬರಕ್ಕೂ ಇಂತಹ ಯಾವ ದಾರಿಯೂ ಇಲ್ಲ.

ಶಿಕ್ಷೆಯು ಹಗುರವಾದುದಲ್ಲ. ಅಪರಾಧವು ರುಜುವಾತಾದಲ್ಲಿ ಮೂರು ತಿಂಗಳಿಗೆ ಕಡಿಮೆಯಿಲ್ಲದೆ ಏಳು ವರ್ಷಗಳವರೆಗೆ ಸಜಾ, ಜೊತೆಗೆ ಜುಲ್ಮಾನೆ. ಮೂರು ತಿಂಗಳಿಗಿಂತ ಕಡಿಮೆ ಮಾಡಬೇಕಾದಲ್ಲಿ ನ್ಯಾಯಾಧೀಶರು ಅದಕ್ಕೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿಯೇ ಬರೆಯಬೇಕು. ಎರಡನೆಯ ಬಾರಿ ಸಿಕ್ಕಿಬಿದ್ದವನಿಗೆ ಕನಿಷ್ಠ ಸಜೆಯು ಆರು ತಿಂಗಳು. ಅಲ್ಲದೆ ಆರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯವರೆಗೆ ಅವನು ಆ ವ್ಯಾಪಾರವನ್ನೇ ಮಾಡಕೂಡದೆಂದು ನ್ಯಾಯಾಲಯವು ಆಜ್ಞೆ ಮಾಡತಕ್ಕದ್ದು. ಅಪರಾಧವು ವಾರಂಟಿಲ್ಲದೆ ಪೊಲೀಸರು ದಸ್ತಗಿರಿ ಮಾಡಬಹುದಾದ ವರ್ಗಕ್ಕೆ ಸೇರಿದೆ. ಜಪ್ತಾದ ದಾಸ್ತಾನನ್ನು ಜಿಲ್ಲಾಧಿಕಾರಿಗಳು ಮುಟ್ಟುಗೋಲು ಹಾಕಿಕೊಳ್ಳಬಹುದು. ವ್ಯಾಪಾರದ ಪರವಾನಗಿಯನ್ನು ಅಮಾನತ್ತಿನಲ್ಲಿಡುವುದು, ರದ್ದು ಮಾಡುವುದು ಇವು ಬೇರೆಯೇ. ಹೆಸರಾಂತ ಕಾರ್ಖಾನೆಯ ಚೀಲವನ್ನು ಅನುಕರಿಸಿ ತುಂಬಿದವನ ಮೇಲೆ, ಇವಲ್ಲದೆ, ವಂಚನೆಯ ಆರೋಪವೂ ನಿಲ್ಲುತ್ತದೆ. ೨೦೨೪ರ ಜುಲೈ ೧ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ೩೧೮ನೆಯ ಪ್ರಕರಣಕ್ಕೆ ಬರುತ್ತದೆ.

"ಚೀಲ ಬಂದ ಹಾಗೆ ಮಾರಿದೆನು, ಒಳಗೇನಿದೆಯೆಂದು ನನಗೇನು ಗೊತ್ತು" ಎಂಬ ಅಂಗಡಿಯವರ ಮಾತು ಎಲ್ಲ ತಾಲ್ಲೂಕುಗಳಲ್ಲಿಯೂ ಕೇಳಿಬರುವಂತಹುದು. ಇದಕ್ಕೆ ಕಾಯಿದೆಯು ಕೊಡುವ ಬೆಲೆ ಎಷ್ಟು? ೧೯೬೫ರಲ್ಲಿ ಮಧ್ಯಪ್ರದೇಶದ ಒಬ್ಬ ಧಾನ್ಯದ ವ್ಯಾಪಾರಿಯ ಮೊಕದ್ದಮೆಯಲ್ಲಿ, ಈ ಕಾಯಿದೆಯ ಅಪರಾಧಕ್ಕೂ ತಪ್ಪು ಮಾಡುವ ಮನಸ್ಸು ಇರಬೇಕೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ತರುವಾಯ ಕಾಯಿದೆಗೆ ೧೦-ಸಿ ಎಂಬ ಪ್ರಕರಣವನ್ನು ಸೇರಿಸಿ ಭಾರವನ್ನು ಬದಲಾಯಿಸಲಾಗಿದೆ. ಅದರಂತೆ, ಅಂತಹ ಮನಸ್ಸು ಆರೋಪಿಗೆ ಇತ್ತೆಂದೇ ನ್ಯಾಯಾಲಯವು ಮೊದಲಿಗೆ ಭಾವಿಸತಕ್ಕದ್ದು. ಇರಲಿಲ್ಲವೆಂದು, ನ್ಯಾಯವಾದ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವುದು ಆರೋಪಿಯ ಪಾಲಿಗೆ ಬಿದ್ದದ್ದು. ಹೀಗಿರುವುದರಿಂದ ಪ್ರಾಮಾಣಿಕನಾದ ಅಂಗಡಿಯವನಿಗೆ ರಕ್ಷಣೆಯೇ ಇಲ್ಲವೆಂದು ಅರ್ಥವಲ್ಲ. ಕಾರ್ಖಾನೆಯ ಹೊಲಿಗೆ ಬಿಚ್ಚದ ಚೀಲ, ಸರಕು ಎಲ್ಲಿಂದ ಬಂದಿತೆಂಬ ಮೂಲ ಪ್ರಮಾಣಪತ್ರ, ಸರಿಯಾಗಿ ಬರೆದ ದಾಸ್ತಾನು ಪುಸ್ತಕ, ಹಲಗೆಗಳ ಮೇಲೆ ಒಣದಾಗಿ ಜೋಡಿಸಿದ ಮಳಿಗೆ, ಇವುಗಳೇ ಅವನ ಸಾಕ್ಷಿಗಳು. ಇವನ್ನು ಇಟ್ಟುಕೊಂಡವನಿಗೆ ಹೇಳಿಕೊಳ್ಳಲು ಮಾತಿರುತ್ತದೆ. ರಾತ್ರಿಯ ವೇಳೆ ಲಾರಿಯಿಂದ ಬಿಲ್ಲಿಲ್ಲದೆ ಇಳಿಸಿಕೊಂಡವನಿಗೆ ಇರುವುದಿಲ್ಲ.

ಮಾರಿದುದು ಕಂಪನಿಯಾದರೆ, ಅದರ ವ್ಯವಹಾರದ ಹೊಣೆ ಹೊತ್ತವನೂ ಅಪರಾಧಿಯೆಂದೇ ಎಣಿಕೆ. ತನಗೆ ತಿಳಿಯದೆ ನಡೆಯಿತೆಂದಾಗಲಿ, ತಡೆಯಲು ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಿದೆನೆಂದಾಗಲಿ ಅವನು ತೋರಿಸಬೇಕು. ಡೈರೆಕ್ಟರುಗಳ ಸಮ್ಮತಿಯಿಂದ ಅಥವಾ ಅಲಕ್ಷ್ಯದಿಂದ ನಡೆದುದಾದರೆ ಅವರೂ ಹೊಣೆಗಾರರು. ಈ ನಿಯಮದಲ್ಲಿ ಕಂಪನಿ ಎಂಬ ಪದಕ್ಕೆ ನೋಂದಾಯಿತ ಸಂಸ್ಥೆಗಳೂ, ಪಾಲುಗಾರಿಕೆಯ ಅಂಗಡಿಗಳೂ, ವ್ಯಕ್ತಿಗಳ ಇತರ ಸಂಘಗಳೂ ಸೇರುತ್ತವೆಂಬುದನ್ನು ಗ್ರಾಮದ ಪ್ರಮುಖರು ವಿಶೇಷವಾಗಿ ಗಮನಿಸಬೇಕು. ಗೊಬ್ಬರವನ್ನು ಮಾರುವ ಸಹಕಾರ ಸಂಘಗಳ ಆಡಳಿತದಲ್ಲಿ ಊರಿನ ಭೂಮಾಲೀಕರೇ ಇರುವುದು ವಾಡಿಕೆ. ಅಧ್ಯಕ್ಷರು ಗೌರವಕ್ಕಾಗಿ ಕುಳಿತವರೆಂದೂ, ಲೆಕ್ಕವೆಲ್ಲ ಕಾರ್ಯದರ್ಶಿಯದೆಂದೂ ಹೇಳಿಕೊಳ್ಳುವ ಮಾತು ಊರಿನಲ್ಲಿ ನಡೆದೀತು. ನ್ಯಾಯಾಲಯದಲ್ಲಿ ನಡೆಯುವುದು ಅಷ್ಟು ಸುಲಭವಲ್ಲ.

ಆದರೆ ಕಾಗದದ ಮೇಲಿನ ಈ ಕಠಿಣ ಶಿಕ್ಷೆಯೆಲ್ಲವೂ ನಿಂತಿರುವುದು ಒಂದು ಸಣ್ಣ ಮೊಹರು ಮಾಡಿದ ಪೊಟ್ಟಣದ ಮೇಲೆ. ಅದೇ ಗೊಬ್ಬರದ ಮಾದರಿ. ಬೆಳೆ ಕೆಟ್ಟಿತೆಂದು ನೂರು ಮಂದಿ ಸಾಕ್ಷಿ ನುಡಿದರೂ, ಗೊಬ್ಬರವು ಕಳಪೆಯಾಗಿತ್ತೆಂದು ಅದರಿಂದ ರುಜುವಾತಾಗುವುದಿಲ್ಲ. ಮಳೆ, ಬಿತ್ತನೆ, ಹುಳು, ಮಣ್ಣು ಎಂದು ಎದುರು ವಕೀಲರು ನೂರು ಕಾರಣಗಳನ್ನು ಹೇಳಬಲ್ಲರು. ಸರ್ಕಾರವು ಅಧಿಸೂಚನೆಯ ಮೂಲಕ ನೇಮಿಸಿದ ಗೊಬ್ಬರ ಇನ್ಸ್‌ಪೆಕ್ಟರು, ಆದೇಶದಲ್ಲಿ ಹೇಳಿದ ಕ್ರಮದಿಂದ ತೆಗೆದ ಮಾದರಿಯು, ಗೊತ್ತುಪಡಿಸಿದ ಪ್ರಯೋಗಶಾಲೆಯಲ್ಲಿ ಮಟ್ಟಕ್ಕೆ ಇಳಿವಾಗಿ ಕಂಡಾಗ ಮಾತ್ರ ಮೊಕದ್ದಮೆಗೆ ಬೆನ್ನೆಲುಬು ಬರುತ್ತದೆ.

ಆ ಕ್ರಮವನ್ನು ಗ್ರಾಮಪ್ರಮುಖರೂ ತಿಳಿದಿರುವುದು ಮೇಲು. ಮಾದರಿ ತೆಗೆಯುವುದು ಕೈಯಿಂದ ಮೇಲೆ ಮೇಲೆ ಬಾಚಿಕೊಳ್ಳುವುದಲ್ಲ. ತುದಿ ಚೂಪಾದ, ಸೀಳುಗಂಡಿಯುಳ್ಳ ಲೋಹದ ಕೊಳವೆಯನ್ನು ಚೀಲದ ಒಂದು ಮೂಲೆಯಿಂದ ಇದಿರು ಮೂಲೆಗೆ ಓರೆಯಾಗಿ ತೂರಿಸಿ, ಮೇಲಿನದೂ ನಡುವಣದೂ ತಳದ್ದೂ ಬರುವಂತೆ ತೆಗೆಯಬೇಕು. ಉಪಕರಣವು ಶುಚಿಯಾಗಿಯೂ ಒಣಗಿಯೂ ಇರಬೇಕು. ಮಳೆ ಸಿಡಿಯುವ ಕಡೆ, ತೇವದ ಜಾಗದಲ್ಲಿ ತೆಗೆಯಬಾರದು. ಹತ್ತಕ್ಕಿಂತ ಕಡಿಮೆ ಚೀಲಗಳ ದಾಸ್ತಾನಿನಲ್ಲಿ ಒಂದು ಚೀಲದಿಂದ, ಹತ್ತರಿಂದ ನೂರರವರೆಗೆ ಎರಡು ಚೀಲಗಳಿಂದ, ಹೀಗೆ ಚೀಲಗಳ ಸಂಖ್ಯೆಗೆ ತಕ್ಕಂತೆ ತೆಗೆದು, ಚೆನ್ನಾಗಿ ಬೆರಸಿ, ಮೂರು ಪಾಲು ಮಾಡಿ, ಒಂದೊಂದಕ್ಕೂ ಮೊಹರು ಹಾಕಬೇಕು. ಒಂದು ಪಾಲು ಪ್ರಯೋಗಶಾಲೆಗೆ ಹೋಗುತ್ತದೆ. ಇನ್ನೊಂದು ಸರಕಿನ ಒಡೆಯನಿಗೆ. ಮೂರನೆಯದು ಮೇಲಧಿಕಾರಿಯ ವಶದಲ್ಲಿ ಉಳಿಯುತ್ತದೆ. ಮೊದಲನೆಯ ಪರೀಕ್ಷೆಯನ್ನು ಒಪ್ಪದ ವ್ಯಾಪಾರಿಯು ಅವಧಿಯೊಳಗೆ ಕೇಳಿಕೊಂಡಲ್ಲಿ ಇದನ್ನು ಬೇರೊಂದು ಪ್ರಯೋಗಶಾಲೆಗೆ ಕಳುಹಿಸಿ ಪುನಃ ಪರೀಕ್ಷೆ ಮಾಡಿಸಬಹುದು. ಈ ಕೆಲಸಗಳಿಗೆ ಕೇಂದ್ರ ಸರ್ಕಾರದ ಮುಖ್ಯ ಸಂಸ್ಥೆಯು ಫರೀದಾಬಾದಿನಲ್ಲಿಯೂ, ಅದರ ಪ್ರಾಂತೀಯ ಪ್ರಯೋಗಶಾಲೆಗಳು ಮುಂಬಯಿ, ಚೆನ್ನೈ, ಕಲ್ಯಾಣಿಗಳಲ್ಲಿಯೂ ಇವೆ. ಮಾದರಿಯನ್ನು ತೆಗೆದ ಏಳು ದಿನಗಳೊಳಗಾಗಿ ಪ್ರಯೋಗಶಾಲೆಗೆ ರವಾನಿಸತಕ್ಕದ್ದು.

ಮೂರು ಪಾಲು ಮಾಡುವುದನ್ನು ಕಂಡು, ಕಳ್ಳನಿಗೂ ಒಂದು ಪಾಲೇ ಎಂದು ನಗುವವರುಂಟು. ಇದು ನಗುವ ವಿಷಯವಲ್ಲ. ಏಳು ವರ್ಷಗಳ ಸೆರೆವಾಸಕ್ಕೆ ಗುರಿಯಾಗಬಹುದಾದವನಿಗೆ, ತನ್ನ ಸರಕನ್ನು ಇನ್ನೊಮ್ಮೆ ಪರೀಕ್ಷಿಸಿರೆಂದು ಕೇಳುವ ಹಕ್ಕಿರಬೇಕಾದುದು ನ್ಯಾಯ. ಆ ಹಕ್ಕಿಗೆ ಲೋಪ ಬಂದಲ್ಲಿ ನಿಜವಾದ ಅಪರಾಧಿಯೂ ಬಿಡುಗಡೆ ಹೊಂದುವ ಸಂಭವವುಂಟು. ಮೊಹರು ಸಡಿಲವಾಗಿದ್ದುದು, ತೇವದಲ್ಲಿ ಮಾದರಿ ತೆಗೆದುದು, ವರದಿಯನ್ನು ವ್ಯಾಪಾರಿಗೆ ಹೊತ್ತಿಗೆ ಸರಿಯಾಗಿ ತಲುಪಿಸದಿದ್ದುದು, ಇಂತಹ ಲೋಪಗಳು ಮೊಕದ್ದಮೆಯನ್ನು ಬೇರಿನಲ್ಲಿಯೇ ಕೊರೆಯುತ್ತವೆ. ಆದುದರಿಂದ ಇನ್ಸ್‌ಪೆಕ್ಟರು ಮಾದರಿ ತೆಗೆಯುವಾಗ ಪಂಚರಾಗಿ ಕರೆದರೆ, ಊರಿನ ದೊಡ್ಡವರು ಅಂಗಡಿಯವನ ದಾಕ್ಷಿಣ್ಯಕ್ಕಾಗಿ ಹಿಂಜರಿಯದೆ ಬಂದು ನಿಂತು, ನಡೆದುದನ್ನು ಕಣ್ಣಾರೆ ನೋಡಿ, ಓದಿಸಿ ಕೇಳಿದ ತರುವಾಯ ರುಜು ಹಾಕಬೇಕು. ಖಾಲಿ ಕಾಗದಕ್ಕೆ ರುಜು ಹಾಕಿದ ಪಂಚನು ಪಾಟೀಸವಾಲಿನಲ್ಲಿ ಒಂದು ಗಳಿಗೆಯೂ ನಿಲ್ಲಲಾರನು.

ಇದರಿಂದ ಕೊಳ್ಳುವವನ ಕರ್ತವ್ಯವೂ ತಾನಾಗಿಯೇ ಹೊರಡುತ್ತದೆ. ಸಂಶಯ ಬಂದ ಒಡನೆಯೇ, ಅಂಗಡಿಯಲ್ಲಿ ಅದೇ ದಾಸ್ತಾನು ಇನ್ನೂ ಇರುವಾಗಲೇ, ದೂರು ಹೋಗಬೇಕು. ಬಿಚ್ಚಿದ ಚೀಲದಲ್ಲಿ ಉಳಿದುದನ್ನು ತೋರಿಸಿದರೆ, ಮನೆಯಲ್ಲಿಯೇ ಏನನ್ನೋ ಬೆರಸಿದರೆಂಬ ವಾದಕ್ಕೆ ಎಡೆಯಾಗುತ್ತದೆ. ಅಂಗಡಿಯ ಹೊಲಿಗೆ ಬಿಚ್ಚದ ಚೀಲದಿಂದ ತೆಗೆದ ಮಾದರಿಗೆ ಆ ವಾದವು ತಾಗದು. ಹತ್ತು ಚೀಲ ಕೊಂಡವನು ಒಂದನ್ನಾದರೂ ಕೊನೆಯವರೆಗೆ ಬಿಚ್ಚದೆ ಉಳಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಲ್ಲಾಗಲಿ ಬರಹದ ಮೂಲಕ ದೂರು ಕೊಟ್ಟು, ತಲುಪಿದುದಕ್ಕೆ ಗುರುತನ್ನು ಪಡೆಯಬೇಕು. ಸರ್ಕಾರಿ ನೌಕರನ ವರದಿಯಲ್ಲದೆ, ನೊಂದ ವ್ಯಕ್ತಿಯು ಬರೆದುಕೊಟ್ಟ ವರದಿಯ ಮೇಲೂ ನ್ಯಾಯಾಲಯವು ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಕಾಯಿದೆಯ ೧೧ನೆಯ ಪ್ರಕರಣವು ಹೇಳುತ್ತದೆ; ಆದರೂ ಕ್ರಮವಾದ ಮಾದರಿಯಿಲ್ಲದೆ ಆ ದಾರಿಯಲ್ಲಿ ಹೆಚ್ಚು ದೂರ ಹೋಗಲಾಗುವುದಿಲ್ಲ.

ಸಂಶಯವನ್ನು ಹುಟ್ಟಿಸುವಷ್ಟು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ನಾಲ್ಕು ಕಾಳು ಡಿ.ಎ.ಪಿ.ಯನ್ನು ಅಂಗೈಯಲ್ಲಿಟ್ಟು ಎಲೆಯಡಿಕೆಯ ಸುಣ್ಣದೊಂದಿಗೆ ತಿಕ್ಕಿದರೆ ಮೂಗಿಗೆ ಹೊಡೆಯುವ ಘಾಟು ಏಳಬೇಕು. ಕಾದ ಹೆಂಚಿನ ಮೇಲೆ ಹಾಕಿದರೆ ಕಾಳುಗಳು ಉಬ್ಬಬೇಕು. ಸೂಪರ್ ಫಾಸ್ಫೇಟಿನ ಕಾಳುಗಳು ಉಬ್ಬುವುದಿಲ್ಲ. ಯೂರಿಯಾವು ಕಾದ ಹೆಂಚಿನ ಮೇಲೆ ಪೂರ್ತಿಯಾಗಿ ಕರಗಿ, ಕಾವು ಹೆಚ್ಚಿದಂತೆ ಏನನ್ನೂ ಉಳಿಸದೆ ಹೋಗುತ್ತದೆ. ನೀರಿನಲ್ಲಿ ಕರಗಿಸಿದರೆ ಪಾತ್ರೆಯು ತಣ್ಣಗಾಗುತ್ತದೆ. ೨೦೧೫ರಿಂದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವು ಕಡ್ಡಾಯವಾಗಿರುವುದರಿಂದ, ಅದರ ವಾಸನೆಯನ್ನೂ ಮಬ್ಬು ಬಣ್ಣವನ್ನೂ ಕಂಡು ಕಲಬೆರಕೆಯೆಂದು ಹೆದರಬೇಕಾದುದಿಲ್ಲ. ಗಟ್ಟಿಯಾಗಿ ಹೆಂಟೆಕಟ್ಟಿದ ಯೂರಿಯಾವೆಲ್ಲ ಕಳಪೆಯೂ ಅಲ್ಲ. ಸತುವಿನ ಸಲ್ಫೇಟಿನ ನೀರಿಗೆ ಡಿ.ಎ.ಪಿ.ಯ ನೀರನ್ನು ಬೆರಸಿದರೆ ಮೊಸರಿನಂತೆ ದಪ್ಪನೆಯ ಗಸಿ ಬರುತ್ತದೆ. ಮೆಗ್ನೀಸಿಯಂ ಸಲ್ಫೇಟಿನಲ್ಲಿ ಹಾಗೆ ಬರುವುದಿಲ್ಲ. ಈ ಪರೀಕ್ಷೆಗಳಿಂದ ಒಂದರ ಬದಲು ಇನ್ನೊಂದನ್ನು ತುಂಬಿದ ಮೋಸವು ಗೊತ್ತಾದೀತೇ ಹೊರತು, ಶೇಕಡಾ ಐದರ ಕೊರತೆಯು ಗೊತ್ತಾಗದು. ಹಾಗೆಯೇ, ಮನೆಯಲ್ಲಿ ಘಾಟು ಬರಲಿಲ್ಲವೆಂಬುದನ್ನೇ ಆಧಾರ ಮಾಡಿಕೊಂಡು ಅಂಗಡಿಯವನನ್ನು ಬೀದಿಯಲ್ಲಿ ಕಳ್ಳನೆಂದು ಕರೆಯುವುದೂ ತರವಲ್ಲ.

ಇಂತಹ ಪ್ರಸಂಗಗಳಲ್ಲಿ ಊರಿನ ಹಿರಿಯರು ಸೇರಿ ರಾಜಿ ಮಾಡಿಸುವುದುಂಟು. ಅಂಗಡಿಯವನು ಮೂರು ನಾಲ್ಕು ಮಂದಿಗೆ ಹಣವನ್ನು ಹಿಂದಿರುಗಿಸುತ್ತಾನೆ, ದೂರು ನಿಲ್ಲುತ್ತದೆ, ಉಳಿದ ಚೀಲಗಳು ಅದೇ ರಾತ್ರಿ ಪಕ್ಕದ ಹೋಬಳಿಗೆ ಸಾಗುತ್ತವೆ. ಈ ಅಪರಾಧವು ಒಬ್ಬನಿಗೆ ಮಾಡಿದ ಕೇಡಲ್ಲವಾದ್ದರಿಂದ, ಊರಿನ ರಾಜಿಯಿಂದ ಸರ್ಕಾರದ ಮೊಕದ್ದಮೆಯು ತೀರಿಹೋಗುವುದಿಲ್ಲ. ಸಾಕ್ಷಿಯು ಮಾತ್ರ ತೀರಿಹೋಗುತ್ತದೆ. ಹಿರಿಯರು ನಡುವೆ ಬರುವುದಾದರೆ, ದಾಸ್ತಾನು ಕದಲದಂತೆ ಅಧಿಕಾರಿಗಳಿಗೆ ಅಂದೇ ತಿಳಿಸುವುದಕ್ಕಾಗಿ ಬರುವುದು ಮೇಲು. ಸಂಶಯಕ್ಕೆ ತಕ್ಕ ಕಾರಣ ಕಂಡಲ್ಲಿ ಇನ್ಸ್‌ಪೆಕ್ಟರು ಅದನ್ನು ಜಪ್ತು ಮಾಡಬಲ್ಲರು.

ಬೇಸಾಯಗಾರನ ನಷ್ಟದ ಮಾತು ಬೇರೆ. ಕ್ರಿಮಿನಲ್ ನ್ಯಾಯಾಲಯವು ವಿಧಿಸಿದ ಜುಲ್ಮಾನೆಯು ಖಜಾನೆಗೆ ಸೇರುವುದೇ ಸಾಮಾನ್ಯ. ಪರಿಹಾರವನ್ನು ಬಯಸುವವನು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಬೇರೆಯಾಗಿಯೇ ಹೋಗಬೇಕು. ಬೇಸಾಯಗಾರನು ಗ್ರಾಹಕನೇ ಎಂಬುದನ್ನು ಸುಪ್ರೀಂ ಕೋರ್ಟು ೨೦೧೨ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ನಿರ್ಣಯಿಸಿದೆ. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತನು ಪರೀಕ್ಷೆಗಾಗಿ ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟಿರಬೇಕೆಂದು ನಿರೀಕ್ಷಿಸಲಾಗದೆಂಬ ಅಭಿಪ್ರಾಯವೂ ಅಲ್ಲಿ ಬಂದಿದೆ. ಅದು ಬೀಜದ ವಿಷಯವಾದರೂ, ಗೊಬ್ಬರವನ್ನು ಚೆಲ್ಲಿ ಮುಗಿಸಿದ ರೈತನಿಗೂ ಅದರ ನ್ಯಾಯವನ್ನು ತೋರಿಸಿ ವಾದಿಸಲು ಅವಕಾಶವಿದೆ. ದೂರನ್ನು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಕೊಡಬೇಕು.

ಎರಡು ದಾರಿಗಳಿಗೂ ಬೇಕಾದುದು ಬಿಲ್ಲು. ಪ್ರತಿಯೊಬ್ಬ ಮಾರಾಟಗಾರನೂ ಗೊತ್ತಾದ ನಮೂನೆಯಲ್ಲಿ ಅದನ್ನು ಕೊಡತಕ್ಕದ್ದು. ದಾಸ್ತಾನನ್ನೂ ದರವನ್ನೂ ಅಂಗಡಿಯಲ್ಲಿ ಕಾಣುವಂತೆ ಬರೆದಿರತಕ್ಕದ್ದು. ಬಿಲ್ಲಿಲ್ಲದೆ ಕೊಟ್ಟರೆ ಹತ್ತು ರೂಪಾಯಿ ಕಡಿಮೆ ಎನ್ನುವವನಲ್ಲಿ ಕೊಳ್ಳಬಾರದು. ಬಿಲ್ಲಿನಲ್ಲಿ ಗೊಬ್ಬರದ ಹೆಸರು, ತಯಾರಿಸಿದವರ ಹೆಸರು, ಚೀಲಗಳ ಸಂಖ್ಯೆ, ತಾರೀಖುಗಳಿರುವುದನ್ನು ಅಂಗಡಿಯಲ್ಲಿಯೇ ಓದಿಸಿಕೊಂಡು, ಫಸಲು ಕಣಕ್ಕೆ ಬರುವವರೆಗೆ ಅದನ್ನೂ ಖಾಲಿಯಾದ ಚೀಲವೊಂದನ್ನೂ ಮುದ್ರೆಯ ಬರಹವು ಅಳಿಯದಂತೆ ಒಣ ಜಾಗದಲ್ಲಿ ಇಟ್ಟುಕೊಳ್ಳತಕ್ಕದ್ದು.